ಬಾಣದ ಗುರುತನ್ನು ಕಿವಿಗೆ ತಲುಪಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಂಘದ ಜಾಲತಾಣದಲ್ಲಿ ಫ್ಲೋಚಾರ್ಟ್ ಹಾಕಿದ್ದೇವೆ. ಕಣ್ಣು ಕಾಣದವರಿಗೆ ಅದು ಅರ್ಥವಾಗುತ್ತದೆಯೇ? – ಓದುಗರೊಬ್ಬರು, ಕಾಪು

ಉತ್ತರ: ಬರೀ ಚಿತ್ರವಾಗಿ ಹಾಕಿದ್ದರೆ ಇಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಬೇಕಾದದ್ದು ಅಕ್ಷರ. ಎಸ್‌ವಿಜಿ ಎಂಬ ಚಿತ್ರರೂಪದಲ್ಲಿದ್ದರೆ ಪೆಟ್ಟಿಗೆಯೊಳಗಿನ ಪದಗಳನ್ನು ಅದು ಓದೀತು; ಆದರೆ ಯಾವ ಬಾಣ ಎಲ್ಲಿಗೆ ಹೋಗುತ್ತದೆಂದು ತಾನಾಗಿ ಹೇಳದು.

ಉಡುಪಿಯಲ್ಲಿ ಯಾರಾದರೂ ದಾರಿ ಕೇಳಿದರೆ ನಾವು ನಕ್ಷೆ ಬಿಡಿಸುವುದಿಲ್ಲ, ಮಾತಿನಲ್ಲೇ ಹೇಳುತ್ತೇವೆ. ಇಲ್ಲೂ ಅದನ್ನೇ ಮಾಡಿ:

1. ಎಲ್ಲಿಗೆ ಹೋಗಬೇಕು? ಕಾಪು ದೀಪಸ್ತಂಭಕ್ಕಾದರೆ 2ಕ್ಕೆ ಹೋಗಿ, ಕಾರ್ಕಳಕ್ಕಾದರೆ 3ಕ್ಕೆ.
2. ಮಂಗಳೂರು ಕಡೆಯ ಬಸ್ ಹತ್ತಿ, ಕಾಪುವಿನಲ್ಲಿ ಇಳಿಯಿರಿ. ದೀಪಸ್ತಂಭ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿದೆ.
3. ಕಾರ್ಕಳದ ಬಸ್ ಹತ್ತಿ.

‘2ಕ್ಕೆ ಹೋಗಿ’ ಎಂಬುದನ್ನೇ ಕೊಂಡಿ ಮಾಡಿದರೆ ಬಾಣದ ಕೆಲಸ ಮುಗಿಯಿತು. ಚಿತ್ರವೂ ಇರಲಿ, ಅದರ ಪರ್ಯಾಯ ಪಠ್ಯದಲ್ಲಿ ‘ಬಸ್ ಆಯ್ಕೆಯ ಚಾರ್ಟ್, ವಿವರ ಕೆಳಗಿದೆ’ ಎಂದಷ್ಟೇ ಬರೆಯಿರಿ. ಹೌದು–ಅಲ್ಲ ಎಂಬುದನ್ನು ಹಸಿರು–ಕೆಂಪು ಬಣ್ಣದಲ್ಲಷ್ಟೇ ತೋರಿಸಬೇಡಿ. ಬಣ್ಣಗುರುಡಿರುವವರಿಗೆ ಎರಡೂ ಒಂದೇ ರೀತಿ ಕಂಡಾವು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಪಠ್ಯವನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಯೂನಿಕೋಡ್ ಕಡ್ಡಾಯ.

ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು ಕಟ್ಟಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಹಾಕಿಕೊಂಡು, ಪರದೆ ಆರಿಸಿ ನಿಮ್ಮ ಚಾರ್ಟನ್ನು ಒಮ್ಮೆ ಕೇಳಿ. ಆಮೇಲೆ ದೃಷ್ಟಿಯಿಲ್ಲದ ಬಳಕೆದಾರರೊಬ್ಬರಿಂದ ತಪ್ಪದೇ ಪರೀಕ್ಷೆ ಮಾಡಿಸಿ.