ತೊಂಬತ್ತೆಂಟು ಪಂದ್ಯಗಳ ಕೀರ್ತಿ

ಮೆಲ್ಬರ್ನ್ ಕ್ರಿಕೆಟ್ ಮೈದಾನದ ಹೆಸರನ್ನು ಕೇಳದ ಕ್ರಿಕೆಟ್ ರಸಿಕ ನಮ್ಮ ನಾಡಿನಲ್ಲಿ ಅಪರೂಪ. ಕ್ರಿಸ್‌ಮಸ್ಸಿನ ಮರುದಿನ ಅಲ್ಲಿ ಮೊದಲಾಗುವ ಟೆಸ್ಟ್ ಪಂದ್ಯಕ್ಕಾಗಿ ಬೆಳಗಿನ ಜಾವದ ಸವಿನಿದ್ದೆಯನ್ನು ತೊರೆದು ಎದ್ದವರು ನಮ್ಮಲ್ಲಿ ಅಸಂಖ್ಯ. ಆದರೆ ಆ ಮೈದಾನ ಕ್ರಿಕೆಟ್ಟಿಗೆ ಮೀಸಲಾಗಿರುವುದು ಬೇಸಗೆಯಲ್ಲಿ ಮಾತ್ರವೆಂಬುದಾಗಲಿ, ಚಳಿಗಾಲ ಬಂತೆಂದರೆ ಅದೇ ಹುಲ್ಲಿನ ಮೇಲೆ ಬೇರೊಂದು ಆಟ ತನ್ನ ಆಧಿಪತ್ಯವನ್ನು ಸ್ಥಾಪಿಸಿಕೊಳ್ಳುವುದೆಂಬುದಾಗಲಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದರ ಅಂತಿಮ ಪಂದ್ಯವನ್ನು ನೋಡಲು ಲಕ್ಷದಷ್ಟು ಜನ ಅಲ್ಲಿ ನೆರೆಯುವರೆಂಬುದಾಗಲಿ ನಮಗೆ ಅಷ್ಟು ಪರಿಚಿತವಲ್ಲ. ಈ ಆಟದ ಜನ್ಮಕ್ಕೂ ಕ್ರಿಕೆಟ್ಟೇ ನಿಮಿತ್ತ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಕಾಲ್ಚೆಂಡಿನ ಕೂಟವೊಂದನ್ನು ಕಟ್ಟಬೇಕೆಂದು 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಪಟು ಪತ್ರಿಕೆಗೆ ಬರೆದ. ಮರುವರ್ಷದ ಮೇ ತಿಂಗಳಲ್ಲಿ ಮೊದಲ ನಿಯಮಾವಳಿ ಲಿಖಿತವಾಯಿತು. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ತನ್ನ ಪಂದ್ಯಾವಳಿಯನ್ನು ಆರಂಭಿಸಿತು. ಅದೇ ಸಂಸ್ಥೆ 1990ರಿಂದೀಚೆಗೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಿಂದ ದೇಶವ್ಯಾಪಿಯಾಗಿ ನಡೆಯುತ್ತಿದೆ.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಅಂಡಾಕಾರದ ವಿಶಾಲ ಅಂಗಳ. ಅಂಡಾಕಾರದ್ದೇ ಆದ ಚೆಂಡು. ಒಂದೊಂದು ಪಕ್ಷಕ್ಕೆ ಹದಿನೆಂಟು ಮಂದಿ. ಅಂಗಳದ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಒದ್ದ ಚೆಂಡು ಯಾರಿಗೂ ತಾಗದೆ ನಡುವಣ ಎರಡು ಎತ್ತರದ ಕಂಬಗಳ ಮಧ್ಯೆ ಹಾದುಹೋದರೆ ಗೋಲು, ಅಂದರೆ ಆರು ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಸರಿದುಹೋದರೆ ಬಿಹೈಂಡ್, ಅಂದರೆ ಒಂದೇ ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜತೆಗಾರನಿಗೆ ದಾಟಿಸಬಹುದು. ಎಸೆಯುವುದು ಮಾತ್ರ ನಿಷಿದ್ಧ. ಆಫ್‌ಸೈಡ್ ಎಂಬ ಕಟ್ಟುಪಾಡೇ ಇಲ್ಲದ್ದರಿಂದ ಚೆಂಡು ಆಟದಲ್ಲಿರುವಾಗ ಯಾವ ಆಟಗಾರನು ಎಲ್ಲಿ ಬೇಕಾದರೂ ನಿಲ್ಲಬಹುದು. ಇವೆಲ್ಲಕ್ಕೂ ಕಿರೀಟಪ್ರಾಯವಾದದ್ದು ಮಾರ್ಕ್ ಎಂಬ ನಿಯಮ: ದೂರದಿಂದ ಒದ್ದುಬಂದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಗಾಳಿಯಲ್ಲಿಯೇ ಯಾವನು ಹಿಡಿಯುತ್ತಾನೆಯೋ ಅವನಿಗೆ, ಯಾರ ಅಡ್ಡಿಯೂ ಇಲ್ಲದೆ, ಅಲ್ಲಿಂದಲೇ ಒದೆಯುವ ಹಕ್ಕು ಪ್ರಾಪ್ತವಾಗುತ್ತದೆ.

ಈ ಎರಡು ಸೌಲಭ್ಯಗಳಿಂದ, ಎಂದರೆ ಆಫ್‌ಸೈಡ್ ಇಲ್ಲದಿರುವುದರಿಂದಲೂ ಮಾರ್ಕ್ ಇರುವುದರಿಂದಲೂ, ಹುಟ್ಟಿಕೊಂಡ ವಿಶಿಷ್ಟ ಕಲಾವಿದನೇ ಫುಲ್ ಫಾರ್ವರ್ಡ್. ಎದುರಾಳಿಯ ಗೋಲುಕಂಬಗಳ ಮುಂದೆ ನಿಂತು, ತನ್ನವರು ಬೆವರು ಸುರಿಸಿ ಚೆಂಡನ್ನು ತರುವ ತನಕ ಕಾಯುವುದೇ ಅವನ ಮೊದಲ ಕೆಲಸ. ಕಾಯುವುದೆಂದರೆ ಸುಮ್ಮನಿರುವುದಲ್ಲ; ಬೆನ್ನಿಗಂಟಿ ನಿಂತ ಫುಲ್ ಬ್ಯಾಕ್ ಎಂಬ ಕಾವಲುಗಾರನನ್ನು ಎಡಕ್ಕೆ ಎಳೆದು ಬಲಕ್ಕೆ ಹಾರಬೇಕು; ಚೆಂಡನ್ನು ಹಿಡಿದ ಜತೆಗಾರ ತಲೆಯೆತ್ತಿ ನೋಡುವ ಕ್ಷಣವನ್ನು ಮೊದಲೇ ಊಹಿಸಿ, ಅದಕ್ಕಿಂತ ಒಂದು ಗಳಿಗೆ ಹಿಂದೂ ಅಲ್ಲದೆ ಮುಂದೂ ಅಲ್ಲದೆ ಅವನ ಕಡೆಗೆ ಧಾವಿಸಬೇಕು; ಚೆಂಡು ತಲೆಯ ಮೇಲೆ ಎತ್ತರದಲ್ಲಿ ಬಂದರೆ ನಾಲ್ಕೈದು ಮಂದಿಯ ಗುಂಪಿನ ನಡುವಿನಿಂದ, ಒಮ್ಮೊಮ್ಮೆ ಎದುರಾಳಿಯ ಹೆಗಲಿಗೇ ಮೊಣಕಾಲೂರಿ, ಮೇಲಕ್ಕೆ ನೆಗೆಯಬೇಕು. ಇಷ್ಟಾದ ಮೇಲೆ ಬರುವುದು ನಿಶ್ಚಲವಾದ ಪರೀಕ್ಷೆ. ಹಿಡಿದ ಚೆಂಡಿನೊಡನೆ ಹತ್ತಾರು ಹೆಜ್ಜೆ ಹಿಂದೆ ನಡೆದು, ಗಾಳಿಯ ದಿಕ್ಕನ್ನು ಅಳೆದು, ಸಾವಿರಾರು ಮಂದಿಯ ಕೂಗಾಟಕ್ಕೆ ಕಿವುಡಾಗಿ ಅವನು ಒದೆಯುತ್ತಾನೆ. ಕಂಬಗಳ ನಡುವೆ ನಿಂತ ಗೋಲು ಅಂಪೈರ್ ಎರಡು ತೋರುಬೆರಳುಗಳನ್ನು ಮುಂಚಾಚಿ, ಆಮೇಲೆ ಎರಡು ಬಿಳಿಯ ಬಾವುಟಗಳನ್ನು ಬೀಸಿದರೆ ಗೋಲು. ಒಂದೇ ಬೆರಳು, ಒಂದೇ ಬಾವುಟವಾದರೆ ಅಷ್ಟೂ ಜನರ ಶ್ರಮಕ್ಕೆ ಒಂದೇ ಅಂಕದ ಪ್ರತಿಫಲ. ಉಳಿದ ಹದಿನೇಳು ಮಂದಿಯ ತಪ್ಪುಗಳು ಆಟದ ಗದ್ದಲದಲ್ಲಿ ಕರಗಿಹೋಗುತ್ತವೆ. ಇವನದು ಮಾತ್ರ ಅಂಕಪಟ್ಟಿಯಲ್ಲಿ ಉಳಿಯುತ್ತದೆ.

ಈ ಕಲೆಯ ಆದರ್ಶಪುರುಷನೆಂದು ಆ ನಾಡಿನವರು ಇಂದಿಗೂ ಸ್ಮರಿಸುವುದು ಜಾನ್ ಕೋಲ್ಮನ್ನನನ್ನು. ವಿಕ್ಟೋರಿಯಾದ ಕಡಲತಡಿಯ ಪೋರ್ಟ್ ಫೇರಿ ಎಂಬ ಊರಿನಲ್ಲಿ 1928ರಲ್ಲಿ ಜನಿಸಿದ ಈತ, ಹೇಸ್ಟಿಂಗ್ಸ್ ಎಂಬ ಸಣ್ಣ ಊರಿನ ತಂಡದ ಪರವಾಗಿ ಗೋಲುಗಳ ಸುರಿಮಳೆಗರೆದು, 1949ರಲ್ಲಿ ಎಸೆಂಡನ್ ತಂಡದ ಕರಿಯ ಅಂಗಿಯನ್ನೂ ಅದರ ಮೇಲೆ ಓರೆಯಾಗಿ ಹಾಯುವ ಕೆಂಪು ಪಟ್ಟಿಯನ್ನೂ ಧರಿಸಿದ. ಹಾಥಾರ್ನ್ ತಂಡದ ಎದುರು ಆಡಿದ ಪ್ರಥಮ ಪಂದ್ಯದಲ್ಲಿಯೇ ಹನ್ನೆರಡು ಗೋಲು ಹೊಡೆದ. ಋತು ಮುಗಿಯುತ್ತ ಬಂದು, ಕಾರ್ಲ್‌ಟನ್ನಿನ ವಿರುದ್ಧ ಅಂತಿಮ ಪಂದ್ಯಕ್ಕೆ ಇಳಿದಾಗ ಶತಕಕ್ಕೆ ಇನ್ನೂ ಆರು ಗೋಲುಗಳು ಬೇಕಾಗಿದ್ದವು. ಎಸೆಂಡನ್ನಿನ ವಿಜಯ ಬಹು ಹೊತ್ತಿನ ಮುಂಚೆಯೇ ನಿಶ್ಚಿತವಾಗಿದ್ದರೂ ಜನ ಜಾಗ ಬಿಟ್ಟು ಕದಲಲಿಲ್ಲ. ಆಟದ ಕೊನೆಯ ನಿಮಿಷಗಳಲ್ಲಿ ಆರನೆಯ ಗೋಲು ಬಂತು, ಅದರೊಡನೆ ನೂರೂ ತುಂಬಿತು. ಮರುವರ್ಷ 120 ಗೋಲು, ಮತ್ತೊಮ್ಮೆ ತಂಡಕ್ಕೆ ಪ್ರಶಸ್ತಿ. ಮೈಕಟ್ಟಿನಲ್ಲಿ ಈತನೇನೂ ಭೀಮಕಾಯನಲ್ಲ; ತೆಳ್ಳನೆಯ, ನೀಳವಾದ ದೇಹ. ಆ ದೇಹ ನೆಲದ ಹಂಗು ಹರಿದುಕೊಂಡು ಮೇಲೇಳುತ್ತಿದ್ದ ರೀತಿಯೇ ಆತನ ಕೀರ್ತಿಯ ಮೂಲ.

ಇಂಥವನನ್ನು ಎದುರಾಳಿಗಳು ಸುಮ್ಮನೆ ಬಿಡುವುದುಂಟೆ? ಎಳೆದಾಟ, ತಿವಿತ, ಗುದ್ದುಗಳು ಅವನಿಗೆ ನಿತ್ಯದ ಪಾಡಾದವು. 1951ರಲ್ಲಿ, ಫೈನಲ್ಸ್ ಹಂತಕ್ಕೆ ಮುಂಚಿನ ಕೊನೆಯ ಪಂದ್ಯದಲ್ಲಿ, ಕಾರ್ಲ್‌ಟನ್ ತಂಡದ ಹ್ಯಾರಿ ಕ್ಯಾಸ್ಪರನೊಡನೆ ಕೈಕೈ ಹತ್ತಿ, ಲೀಗಿನ ನ್ಯಾಯಮಂಡಲಿ ಇಬ್ಬರನ್ನೂ ನಾಲ್ಕು ಪಂದ್ಯಗಳ ಕಾಲ ಬಹಿಷ್ಕರಿಸಿತು. ಕೋಲ್ಮನ್ನನಿಲ್ಲದ ಎಸೆಂಡನ್ ಅಂತಿಮ ಪಂದ್ಯದವರೆಗೆ ಬಂದು, ಜೀಲಾಂಗ್ ತಂಡಕ್ಕೆ ಕೇವಲ ಹನ್ನೊಂದು ಅಂಕಗಳಿಂದ ಸೋತಿತು. ಹನ್ನೊಂದು ಅಂಕವೆಂದರೆ ಎರಡು ಗೋಲುಗಳಿಗೂ ಕಡಿಮೆ. ಪಂದ್ಯಕ್ಕೆ ಐದಕ್ಕಿಂತ ಹೆಚ್ಚು ಗೋಲು ಹೊಡೆಯುವವನು ಅಂದು ಹೊರಗೆ ಕುಳಿತಿದ್ದ. ಆ ತಂಡದ ಅಭಿಮಾನಿಗಳು ಈ ಲೆಕ್ಕವನ್ನು ತಲೆಮಾರುಗಳ ಕಾಲ ಮರೆಯದಿದ್ದುದರಲ್ಲಿ ಆಶ್ಚರ್ಯವೇನಿದೆ?

ದೈವದ ಏಟು ಮಾತ್ರ ನ್ಯಾಯಮಂಡಲಿಯ ಏಟಿಗಿಂತ ಕಠೋರವಾಗಿತ್ತು. 1954ರಲ್ಲಿ ಫಿಟ್ಸ್‌ರಾಯ್ ತಂಡದ ಮೇಲೆ ಹದಿನಾಲ್ಕು ಗೋಲು ಹೊಡೆದು ತನ್ನ ಶಕ್ತಿಯ ಪರಾಕಾಷ್ಠೆಯಲ್ಲಿದ್ದವನು, ಮರುವಾರವೇ ನಾರ್ತ್ ಮೆಲ್ಬರ್ನ್ ವಿರುದ್ಧ ಆಡುತ್ತ ನೆಲಕ್ಕೆ ಬಿದ್ದ. ಮೊಣಕಾಲ ಕೀಲು ತಪ್ಪಿತ್ತು. ಶಸ್ತ್ರಚಿಕಿತ್ಸೆಯಿಂದಲೂ ಅದು ಮತ್ತೆ ಆಟದ ಭಾರವನ್ನು ಹೊರುವಂತಾಗಲಿಲ್ಲ. ಆಗ ಅವನಿಗೆ ಇಪ್ಪತ್ತೈದು ವರ್ಷ. ಆಡಿದ್ದು 98 ಪಂದ್ಯ, ಹೊಡೆದದ್ದು 537 ಗೋಲು. ಮುಂದೆ ಹಾಥಾರ್ನ್ ತಂಡದ ಪೀಟರ್ ಹಡ್ಸನ್ನನಿಗೂ ಇದೇ ಅಂಗದಲ್ಲಿ ಆಪತ್ತೊದಗಿದ್ದು ನೆನೆಯತಕ್ಕದ್ದು: 1971ರಲ್ಲಿ 150 ಗೋಲು ಹೊಡೆದು, 1934ರಲ್ಲಿ ಬಾಬ್ ಪ್ರಾಟ್ ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿದ ಆತ, ಮರುವರ್ಷದ ಮೊದಲ ಪಂದ್ಯದಲ್ಲಿಯೇ ಎಂಟು ಗೋಲು ಹೊಡೆದ ತರುವಾಯ ಮೊಣಕಾಲಿಗೆ ತೀವ್ರವಾಗಿ ಪೆಟ್ಟುಮಾಡಿಕೊಂಡು ಹೊರನಡೆದ. ನೆಗೆತವೇ ಬಂಡವಾಳವಾದವನಿಗೆ ಇಳಿತವೇ ಅಪಾಯ.

ಆ ಕಾಲದ ಆಟಗಾರರಿಗೆ ಇದು ಜೀವನೋಪಾಯವೂ ಆಗಿರಲಿಲ್ಲವೆಂಬುದನ್ನು ಮರೆಯಬಾರದು. ಪಂದ್ಯಕ್ಕೆ ಇಷ್ಟು ಪೌಂಡಿಗೆ ಮೀರಿ ಯಾರಿಗೂ ಕೊಡಕೂಡದೆಂದು 1930ರಲ್ಲಿ ಲೀಗು ಮಾಡಿದ್ದ ಕೌಲ್ಟರ್ ನಿಯಮದ ದೆಸೆಯಿಂದ, ಎಂತಹ ಖ್ಯಾತನಾಮನೂ ವಾರದ ದಿನಗಳಲ್ಲಿ ಬೇರೊಂದು ಉದ್ಯೋಗವನ್ನು ಅವಲಂಬಿಸಬೇಕಾಗುತ್ತಿತ್ತು. ಕೋಲ್ಮನ್ನನೂ ಹೋಟೆಲು ನಡೆಸಿ ಜೀವಿಸಿದವನೇ. ಇಂದಿನ ಸ್ಥಿತಿ ಬೇರೆ. 2004ರಲ್ಲಿ ಹಾಥಾರ್ನ್ ಆಯ್ದುಕೊಂಡ ಲ್ಯಾನ್ಸ್ ಫ್ರಾಂಕ್ಲಿನ್, 2013ರ ಕೊನೆಯಲ್ಲಿ ಸಿಡ್ನಿ ತಂಡಕ್ಕೆ ತೆರಳಿದಾಗ ಆದ ಒಪ್ಪಂದ ಒಂಬತ್ತು ವರ್ಷಗಳದು, ಒಂದು ಕೋಟಿ ಡಾಲರಿನಷ್ಟು ಮೊತ್ತದ್ದು. 2022ರ ಮಾರ್ಚಿನಲ್ಲಿ ಸಿಡ್ನಿಯಲ್ಲಿ ಆತ ಸಾವಿರನೆಯ ಗೋಲನ್ನು ಹೊಡೆದಾಗ ಪ್ರೇಕ್ಷಕರು ಸಹಸ್ರ ಸಂಖ್ಯೆಯಲ್ಲಿ ಅಂಗಳಕ್ಕೆ ನುಗ್ಗಿದರು. ಅವರೆಲ್ಲ ತೆರಳುವತನಕ ಆಟ ನಿಂತಿತ್ತು. ಒಟ್ಟು ಗೋಲುಗಳ ಸರ್ವೋಚ್ಚ ದಾಖಲೆ ಮಾತ್ರ ಟೋನಿ ಲಾಕೆಟ್ಟನದು: 281 ಪಂದ್ಯಗಳಲ್ಲಿ 1360. ಗಾರ್ಡನ್ ಕವೆಂಟ್ರಿ 1937ರಲ್ಲಿ ನಿಲ್ಲಿಸಿಹೋಗಿದ್ದ 1299ರ ಗಡಿಯನ್ನು ಆತ ದಾಟಿದ್ದು 1999ರಲ್ಲಿ.

ಆದರೆ ಒಂದೇ ಋತುವಿನಲ್ಲಿ ನೂರು ಗೋಲುಗಳನ್ನು ಹೊಡೆದವರ ಸಾಲಿನಲ್ಲಿ ಕಡೆಯವನು 2008ರ ಫ್ರಾಂಕ್ಲಿನ್ನನೇ. ಅದಕ್ಕೆ ಕಾರಣ ಪ್ರತಿಭೆಯ ಕ್ಷಯವಲ್ಲ, ಆಟದ ನಡೆ ಬದಲಾದದ್ದು. ಇಂದು ಚೆಂಡು ಎತ್ತ ಹೋದರೂ ಎರಡೂ ಪಕ್ಷಗಳ ಬಹುಮಂದಿ ಅತ್ತಲೇ ಧಾವಿಸುತ್ತಾರೆ. ರಕ್ಷಕರು ಒಬ್ಬನ ಬೆನ್ನು ಹತ್ತುವುದಕ್ಕೆ ಬದಲಾಗಿ ಒಂದೊಂದು ಪ್ರದೇಶವನ್ನು ಕೂಡಿ ಕಾಯುತ್ತಾರೆ. ಮುಂದಿನ ಸಾಲಿನವನೂ ಚೆಂಡು ಕೈತಪ್ಪಿದೊಡನೆ ಬೆನ್ನಟ್ಟಿ ಹಿಡಿಯಬೇಕೆಂಬ ಅಪೇಕ್ಷೆಯುಂಟು. ಗೋಲುಗಳೂ ನಾಲ್ಕಾರು ಮಂದಿಯಲ್ಲಿ ಹಂಚಿಹೋಗಿವೆ.

ಆಟದಿಂದ ನಿವೃತ್ತನಾದ ಕೋಲ್ಮನ್ 1961ರಿಂದ 1967ರವರೆಗೆ ಎಸೆಂಡನ್ನಿನ ತರಬೇತುದಾರನಾಗಿ, 1962 ಮತ್ತು 1965ರಲ್ಲಿ ಅದಕ್ಕೆ ಪ್ರಶಸ್ತಿಗಳನ್ನು ದೊರಕಿಸಿಕೊಟ್ಟು, 1973ರಲ್ಲಿ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡ. 1981ರಿಂದ ಲೀಗು, ಫೈನಲ್ಸಿಗೆ ಮುಂಚಿನ ಸುತ್ತುಗಳಲ್ಲಿ ಅತ್ಯಧಿಕ ಗೋಲು ಹೊಡೆದವನಿಗೆ ವರ್ಷವರ್ಷವೂ ಕೋಲ್ಮನ್ ಪದಕವನ್ನು ನೀಡುತ್ತ ಬಂದಿದೆ. ಲಾಕೆಟ್ಟನ ಅಥವಾ ಕವೆಂಟ್ರಿಯ ಹೆಸರನ್ನಿಡಬಹುದಾಗಿತ್ತೆಂದು ಅಂಕಿಗಳನ್ನೇ ನೆಚ್ಚಿದವರು ವಾದಿಸಿಯಾರು. ಆದರೆ ಈ ಪದಕ ಜೀವಮಾನದ ಸಂಚಯಕ್ಕೆ ಸಲ್ಲುವುದಲ್ಲ, ಒಂದು ಋತುವಿನ ಪೂರ್ಣತೆಗೆ ಸಲ್ಲುವುದು. ಹೊಸ ಋತು ಬಂದಾಗ ಹಳೆಯ ಮೊತ್ತವನ್ನೆಲ್ಲ ಬದಿಗಿಟ್ಟು ಸೊನ್ನೆಯಿಂದ ಎಣಿಸತೊಡಗುವುದು. ದೀರ್ಘಾಯುವಾದ ಆಟ ಯಾವನಿಗೆ ದಕ್ಕಲಿಲ್ಲವೋ, ದಕ್ಕಿದ ಆರು ಋತುಗಳಲ್ಲಿ ಯಾವನು ಏನನ್ನೂ ನಾಳೆಗೆಂದು ಉಳಿಸಿಕೊಳ್ಳಲಿಲ್ಲವೋ, ಅಂಥವನ ಹೆಸರು ಅದಕ್ಕೆ ಒಪ್ಪಿದಷ್ಟು ಮತ್ತೊಬ್ಬರದು ಒಪ್ಪದು.