ಅಂಗಳಕ್ಕೆ ಡೀಸೆಲ್, ಗೋದಾಮಿಗೆ ಬ್ಯಾಟರಿ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳನ್ನು ಸಾಕುತ್ತದೆ. ಅಲ್ಲಿ ಚೀಲ ಹೊರುವ ಕೆಲಸ ಇಂದಿಗೂ ಬಹುಪಾಲು ಹಮಾಲರ ಹೆಗಲ ಮೇಲೆಯೇ ಇದೆ. 3 ಟನ್ ಸಾಮರ್ಥ್ಯದ ಫೋರ್ಕ್‌ಲಿಫ್ಟ್ ಒಮ್ಮೆಗೆ ಎತ್ತುವುದು 50 ಕೆ.ಜಿ.ಯ 60 ಚೀಲಗಳಷ್ಟು ಭಾರ. ಯಂತ್ರ ಬೇಕೆಂದು ಹೊರಟ ಮಾಲೀಕರಿಗೆ ಮೊದಲು ಎದುರಾಗುವುದು ಡೀಸೆಲ್ಲೋ ಬ್ಯಾಟರಿಯೋ ಎಂಬ ಪ್ರಶ್ನೆ.

ಡೀಸೆಲ್ ಗಾಡಿಯ ಬಲ ಕಾಣಬೇಕಾದರೆ ಬಯಲಿಗೆ ಬರಬೇಕು. ಕೊಪ್ಪಳದ ಗಿಣಿಗೇರಾ, ಬೇವಿನಹಳ್ಳಿ ಸುತ್ತಲಿನ ಕಬ್ಬಿಣ–ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸ ಹಗಲೂ ರಾತ್ರಿ ನಡೆಯುತ್ತದೆ. ಟ್ಯಾಂಕ್ ತುಂಬಿಸಲು ಕೆಲವೇ ನಿಮಿಷ ಸಾಕು. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಸುಮಾರು 8 ಗಂಟೆ ಬೇಕು. ಗಾಳಿ ತುಂಬಿದ ಟೈರುಗಳು ತಗ್ಗುದಿಣ್ಣೆಗೆ ಬಗ್ಗುವುದಿಲ್ಲ. ಕೊಳ್ಳುವ ಬೆಲೆಯೂ ಕಡಿಮೆ. ಟ್ರ್ಯಾಕ್ಟರ್ ಎಂಜಿನ್ ಬಲ್ಲ ಮೇಸ್ತ್ರಿಗೆ ಇದೇನೂ ಹೊಸದಲ್ಲ.

ಕುಷ್ಟಗಿಯ ಗ್ರಾನೈಟ್ ಉದ್ಯಮಕ್ಕೂ ಡೀಸೆಲ್ ಗಾಡಿಯೇ ಹೊಂದುತ್ತದೆ, ಆದರೆ ಮಿತಿಯಲ್ಲಿ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಕ್ವಾರಿಯಿಂದ ಬರುವ ದೊಡ್ಡ ದಿಮ್ಮಿಗೆ ಕ್ರೇನೇ ಬೇಕು. ಕತ್ತರಿಸಿದ ಹಲಗೆಗಳಿಗೆ ಫೋರ್ಕ್‌ಲಿಫ್ಟ್ ಸಾಕು. ಮಳೆಯಾಶ್ರಿತ ಯಲಬುರ್ಗಾದಲ್ಲಿ ಮೆಕ್ಕೆಜೋಳದ ಸುಗ್ಗಿ ಮುಗಿದರೆ ಗೋದಾಮಿನ ಅಂಗಳದ ಕೆಲಸವೂ ಇಳಿಯುತ್ತದೆ. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ ಹಾಳಾಗುತ್ತದೆ. ಅಂಥಲ್ಲಿ ಸುಗ್ಗಿಗಷ್ಟೇ ಬಾಡಿಗೆಗೆ ತರುವ ಡೀಸೆಲ್ ಗಾಡಿಯೇ ಲೇಸು.

ಗೋದಾಮಿನ ಬಾಗಿಲು ದಾಟಿದರೆ ಲೆಕ್ಕ ತಿರುಗುತ್ತದೆ. ಡೀಸೆಲ್ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಕಡೆ ಅದು ಸೇರಿಕೊಂಡರೆ ಜೀವಕ್ಕೇ ಅಪಾಯ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಸಾರಿದೆ. ಅಕ್ಕಿಯೋ ಪಕ್ಕದ ವಾಸನೆಯನ್ನು ಬೇಗ ಹೀರುವ ಸರಕು. ಗಿರಣಿಯ ಹೊಟ್ಟಿನ ಧೂಳು ಏರ್ ಫಿಲ್ಟರ್, ರೇಡಿಯೇಟರಿನಲ್ಲಿ ಕಟ್ಟಿಕೊಂಡು ಎಂಜಿನ್ನನ್ನು ಕಾಯಿಸುತ್ತದೆ. ಬಿಸಿ ಸೈಲೆನ್ಸರ್ ಮೇಲೆ ಅದೇ ಧೂಳು ಕೂತರೆ ಬೆಂಕಿಯ ಭಯ. ಇದರ ಮೇಲೆ ಗಂಟೆಗಂಟೆಗೂ ಏರುವ ಡೀಸೆಲ್ ಖರ್ಚು, ಆಯಿಲ್, ಫಿಲ್ಟರ್ ಬದಲಾವಣೆ. ಹಗಲಿಡೀ ಒಳಗೆ ಓಡುವ ಗಾಡಿಯಾದರೆ, ಕೊಳ್ಳುವಾಗ ಉಳಿಸಿದ ಹಣವೆಲ್ಲ ಹೀಗೇ ಕರಗುತ್ತದೆ.

ಆದ್ದರಿಂದ ಬಯಲಿಗೆ ಡೀಸೆಲ್, ಸಮತಟ್ಟು ನೆಲದ ಮುಚ್ಚಿದ ಗೋದಾಮಿಗೆ ಬ್ಯಾಟರಿ. ಒಂದೇ ಡೀಸೆಲ್ ಗಾಡಿಯಲ್ಲಿ ಎರಡೂ ಕಡೆ ಸುಧಾರಿಸಬೇಕಾದವರು ಬಾಗಿಲು ತೆರೆದಿಡಲಿ, ನಿಂತಾಗ ಎಂಜಿನ್ ಆರಿಸಲಿ, ದಿನಕ್ಕೊಮ್ಮೆ ರೇಡಿಯೇಟರಿನ ಧೂಳು ಊದಿಸಲಿ. ಮತ್ತೊಂದು ಮಾತು: ಯಂತ್ರ ತರುವ ಮಾಲೀಕರು ಚಾಲಕನನ್ನು ಹೊರಗೆ ಹುಡುಕುವ ಮೊದಲು ತಮ್ಮ ಹಮಾಲರಿಗೇ ತರಬೇತಿ ಕೊಡಿಸಲಿ. ಚೀಲದ ತೂಕ, ಸರಕಿನ ಗುಣ, ಗೋದಾಮಿನ ಮೂಲೆ ಮೂಲೆ ಅವರಿಗೆ ಮೊದಲೇ ಗೊತ್ತು.