ಸೀಸೆಯ ಮೇಲೆ 37, ಲೆಕ್ಕದಲ್ಲಿ 12

ಪ್ರಯೋಗಾಲಯದ ಕಪಾಟಿನಲ್ಲಿರುವ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಯನ್ನೇ ತೆಗೆದುಕೊಳ್ಳೋಣ. ಚೀಟಿಯ ಮೇಲೆ ಎರಡು ಅಂಕಿ: ತೂಕದಲ್ಲಿ ಶೇಕಡಾ 37, ಸಾಂದ್ರತೆ ಮಿಲಿಲೀಟರಿಗೆ 1.18 ಗ್ರಾಂ. ವಿದ್ಯಾರ್ಥಿಗಳ ಕಣ್ಣು ಮೊದಲನೆಯದರ ಮೇಲೆ ಬೀಳುತ್ತದೆ, ಎರಡನೆಯದು ಹಾಗೇ ಉಳಿದುಬಿಡುತ್ತದೆ. ಲೆಕ್ಕ ಎಡವುವುದು ಅಲ್ಲೇ.

ಶೇಕಡಾ 37 ಎಂದರೆ 100 ಗ್ರಾಂ ದ್ರಾವಣದಲ್ಲಿ 37 ಗ್ರಾಂ ಆಮ್ಲ. ನಾವು ಅಳೆದು ಸುರಿಯುವುದಾದರೋ ಮಿಲಿಲೀಟರಿನಲ್ಲಿ. ಹಾಗಾಗಿ ಮೊದಲು ಒಂದು ಲೀಟರ್ ದ್ರಾವಣ ಎಷ್ಟು ತೂಗುತ್ತದೆ ಎಂದು ನೋಡಬೇಕು: 1180 ಗ್ರಾಂ. ಅದರಲ್ಲಿ ಶೇಕಡಾ 37, ಅಂದರೆ ಸುಮಾರು 437 ಗ್ರಾಂ, ಆಮ್ಲ. ಒಂದು ಮೋಲ್ ಆಮ್ಲದ ತೂಕ 36.5 ಗ್ರಾಂ. ಭಾಗಿಸಿದರೆ ಸುಮಾರು 12. ಲೀಟರಿಗೆ 12 ಮೋಲ್, ಅಂದರೆ ದ್ರಾವಣ 12 ಮೋಲಾರ್. ಸಾಂದ್ರತೆಯನ್ನು ಮರೆತವರಿಗೆ ಸಿಗುವುದು 10 ಚಿಲ್ಲರೆ. ಸುಮಾರು ಶೇಕಡಾ 15ರಷ್ಟು ಕಡಿಮೆ!

ಒಂದು ಮೋಲಾರ್ ದ್ರಾವಣ ಒಂದು ಲೀಟರ್ ಬೇಕೆಂದರೆ ಈ ಸೀಸೆಯಿಂದ 83 ಮಿಲಿಲೀಟರ್ ಸಾಕು. ಆಮ್ಲವನ್ನು ನೀರಿಗೆ ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ. ಆಮೇಲೆ ನೀರು ಸೇರಿಸಿ ಲೀಟರಿನ ಗೆರೆ ಮುಟ್ಟಿಸಬೇಕು.

ಇದೇ ದ್ರಾವಣದ ಮೋಲಾಲಿಟಿ ಕೇಳಿದರೆ ಉತ್ತರ 16ಕ್ಕೆ ಏರುತ್ತದೆ. ಅಲ್ಲಿ ಭಾಗಿಸುವುದು ಇಡೀ ದ್ರಾವಣದ ಲೀಟರಿನಿಂದಲ್ಲ, ನೀರಿನ ಕಿಲೋಗ್ರಾಮಿನಿಂದ. ಆ ಲೀಟರಿನಲ್ಲಿ ನೀರಿರುವುದು 743 ಗ್ರಾಂ ಮಾತ್ರ. ಬಿಸಿಗೆ ದ್ರಾವಣ ಹಿಗ್ಗಿದರೆ ಮೋಲಾರಿಟಿ ಇಳಿಯುತ್ತದೆ, ಮೋಲಾಲಿಟಿ ಜಗ್ಗುವುದಿಲ್ಲ.

ಕುಡಿಯುವ ನೀರಿನಲ್ಲಿ ಸಾಂದ್ರತೆಯ ರಗಳೆ ಇಲ್ಲ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ಲೀಟರಿಗೆ ಒಂದು ಮಿಲಿಗ್ರಾಂ ಎಂದರೂ ಒಂದು ಪಿಪಿಎಂ (ತೂಕದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು) ಎಂದರೂ ಒಂದೇ. ಈ ಅನುಕೂಲವನ್ನು ಆಮ್ಲದ ಸೀಸೆಗೆ ಒಯ್ಯುವಂತಿಲ್ಲ ಅಷ್ಟೇ.

ರಕ್ತದ ಸಕ್ಕರೆಯಲ್ಲಿ ತೊಡಕು ಬೇರೆ. ಭಾರತದಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತೇವೆ. ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್. ಖಾಲಿ ಹೊಟ್ಟೆಯಲ್ಲಿ 126 ಬಂದರೆ ಊರಿನಲ್ಲಿರುವ ತಂದೆಗೆ ಸಕ್ಕರೆ ಕಾಯಿಲೆಯ ಗಡಿ. ಲಂಡನ್ನಿನಲ್ಲಿರುವ ಮಗಳ ವರದಿಯಲ್ಲಿ ಅದೇ ಗಡಿ 7. ಗ್ಲೂಕೋಸಿನ ಒಂದು ಮೋಲ್ 180 ಗ್ರಾಂ, ಡೆಸಿಲೀಟರ್ ಲೀಟರಿನ ಹತ್ತನೆಯ ಒಂದು ಭಾಗ. ಹಾಗಾಗಿ 18ರಿಂದ ಭಾಗಿಸಿದರೆ ಮುಗಿಯಿತು. ಈ 18 ಗ್ಲೂಕೋಸಿಗೆ ಮಾತ್ರ. ಕೊಲೆಸ್ಟರಾಲಿನ ಅಣು ಹೆಚ್ಚು ತೂಕದ್ದು, ಅದಕ್ಕೆ 38.7.

ನನ್ನ ಪ್ರಕಾರ ಇವೆಲ್ಲಕ್ಕಿಂತ ಮೋಸದ್ದು ಕೊಳವೆಬಾವಿಯ ನೈಟ್ರೇಟ್. ಭಾರತದ ಮಾನಕದಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಮೆರಿಕದಲ್ಲಿ 10. ಅವರದು ನಾಲ್ಕು ಪಟ್ಟು ಕಟ್ಟುನಿಟ್ಟು ಎಂದುಕೊಳ್ಳಬೇಡಿ. ನಾವು ಇಡೀ ನೈಟ್ರೇಟನ್ನು ತೂಗುತ್ತೇವೆ, ಅವರು ಅದರೊಳಗಿನ ನೈಟ್ರೋಜನ್ನನ್ನಷ್ಟೇ. ಮೋಲಿಗೆ ನೈಟ್ರೇಟ್ 62 ಗ್ರಾಂ, ನೈಟ್ರೋಜನ್ 14. 10ನ್ನು 62ರಿಂದ ಗುಣಿಸಿ 14ರಿಂದ ಭಾಗಿಸಿದರೆ 44 ದಾಟುತ್ತದೆ. ವರದಿಯಲ್ಲಿ ‘ನೈಟ್ರೋಜನ್ ಲೆಕ್ಕದಲ್ಲಿ 12’ ಎಂದಿದ್ದರೆ, 45ರೊಳಗಿದೆಯಲ್ಲ ಎಂದು ಆ ನೀರು ಕುಡಿಯುವಂತಿಲ್ಲ. ನಮ್ಮ ಅಳತೆಯಲ್ಲಿ ಅದು 53.